ತೊಟ್ಟಿಲು ತೂಗದ ಮನೆಯಲ್ಲಿ ಪರೀಕ್ಷೆ ಯಾರಿಗೆ?



ಮದುವೆಯಾಗಿ ಎರಡು ವರ್ಷ ಕಳೆದರೂ ಮಗುವಾಗದಿದ್ದರೆ ಬಂಧುಬಳಗದ ಕಣ್ಣೆಲ್ಲ ಸೊಸೆಯ ಮೇಲೆ. ಸ್ಕ್ಯಾನಿಂಗ್, ಮಾತ್ರೆ, ಚುಚ್ಚುಮದ್ದು ಎಲ್ಲವೂ ಅವಳಿಗೇ. ಮಗನನ್ನೂ ಒಮ್ಮೆ ಪರೀಕ್ಷಿಸೋಣ ಎಂದರೆ ಮನೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಹಳ್ಳಿಕಾರ್ ದನ ಸಾಕುವವರನ್ನು ಕೇಳಿ ನೋಡಿ. ಬೇಬಿ ಬೆಟ್ಟದ ಜಾತ್ರೆಯಲ್ಲಾಗಲಿ, ಹೇಮಗಿರಿ ಜಾತ್ರೆಯಲ್ಲಾಗಲಿ ಹೋರಿಯನ್ನು ಸುತ್ತಿ ಬಂದು ನೋಡಿಯೇ ಬೆಲೆ ಕಟ್ಟುತ್ತಾರೆ. ಹಸು ಗಬ್ಬ ನಿಲ್ಲದಿದ್ದರೆ ಬೀಜದ ಹೋರಿಯಲ್ಲೂ ಕೊರತೆ ಇರಬಹುದು ಎಂಬುದು ಅವರಿಗೆ ಗೊತ್ತು. ಕೊಟ್ಟಿಗೆಯಲ್ಲಿ ಒಪ್ಪುವ ಈ ಮಾತನ್ನು ನಡುಮನೆಯಲ್ಲಿ ಏಕೆ ಒಪ್ಪುವುದಿಲ್ಲ? ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ.

ಈ ಕಾರಣಗಳ ಸಾಲಿಗೆ ಇತ್ತೀಚೆಗೆ ಮೊಬೈಲ್ ಹೊರಸೂಸುವ ವಿದ್ಯುತ್ಕಾಂತೀಯ ಅಲೆಗಳ ಹೆಸರೂ ಸೇರಿದೆ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಗಂಡು ಇಲಿಗಳನ್ನು ದಿನಕ್ಕೆ ಒಂದು ಗಂಟೆಯಂತೆ 28 ದಿನ ಚಾಲೂ ಇರುವ ಮೊಬೈಲ್ ಬಳಿ ಇಡಲಾಯಿತು. ಇನ್ನೊಂದು ಗುಂಪಿನ ಬಳಿ ಬ್ಯಾಟರಿ ತೆಗೆದ ಮೊಬೈಲ್ ಇತ್ತು. ಎರಡೂ ಗುಂಪುಗಳ ವೀರ್ಯಾಣುಗಳ ಸಂಖ್ಯೆಯಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲ ಗುಂಪಿನಲ್ಲಿ ಚಲಿಸುವ ವೀರ್ಯಾಣುಗಳು ಕಡಿಮೆಯಾಗಿದ್ದವು. ಚಲನೆಯಿಲ್ಲದ ವೀರ್ಯಾಣು ಅಂಡಾಣುವನ್ನು ತಲುಪುವುದಾದರೂ ಹೇಗೆ?

2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಜ್ಞಾನಿಗಳು ಪ್ರಾಣಿಗಳ ಮೇಲಿನ ಇಂಥ 117 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಅಲೆಗಳಿಗೆ ಒಡ್ಡಿದ ಗಂಡು ಪ್ರಾಣಿಗಳೊಂದಿಗೆ ಕೂಡಿದ ಹೆಣ್ಣುಗಳು ಗರ್ಭ ಧರಿಸುವ ಪ್ರಮಾಣ ಇಳಿದದ್ದು ಕಂಡುಬಂತು. 2025ರ ತಿದ್ದುಪಡಿಯಲ್ಲಿ ಈ ಮಾತಿಗೆ ಇನ್ನಷ್ಟು ಬಲ ಬಂದಿದೆ.

ಹಾಗೆಂದು ಗಾಬರಿಯಾಗಬೇಡಿ. ಎಷ್ಟೋ ಪ್ರಯೋಗಗಳಲ್ಲಿ ಪ್ರಾಣಿಗಳಿಗೆ ತಗಲಿದ ಅಲೆಗಳ ಪ್ರಮಾಣ ನಮಗೆ ನಿತ್ಯ ತಗಲುವುದಕ್ಕಿಂತ ಬಹಳ ಹೆಚ್ಚು. 2023ರಲ್ಲಿ ಪ್ರಕಟವಾದ ಸ್ವಿಟ್ಜರ್‌ಲ್ಯಾಂಡಿನ ಅಧ್ಯಯನವೊಂದರಲ್ಲಿ ದಿನಕ್ಕೆ 20ಕ್ಕಿಂತ ಹೆಚ್ಚು ಸಲ ಮೊಬೈಲ್ ಬಳಸುವ ಯುವಕರಲ್ಲಿ ವೀರ್ಯಾಣುಗಳ ಸಾಂದ್ರತೆ ಕಡಿಮೆ ಇತ್ತು. ಆದರೆ ಅದನ್ನು ಪ್ಯಾಂಟಿನ ಜೇಬಿನಲ್ಲಿ ಇಡುವುದಕ್ಕೂ ಇದಕ್ಕೂ ಸಂಬಂಧ ಕಾಣಲಿಲ್ಲ. ಮನುಷ್ಯರ ವಿಷಯದಲ್ಲಿ ತೀರ್ಪು ಇನ್ನೂ ಬಂದಿಲ್ಲ.

ಆದರೂ ಖರ್ಚಿಲ್ಲದ ಎಚ್ಚರಿಕೆಗೆ ತೀರ್ಪು ಬರುವವರೆಗೆ ಕಾಯಬೇಕಿಲ್ಲ. ದೂರ ಹೆಚ್ಚಿದಂತೆ ಅಲೆಗಳ ಬಲ ಬೇಗನೆ ಕುಗ್ಗುತ್ತದೆ. ಮನೆಯಲ್ಲಿರುವಾಗ ಮೊಬೈಲ್ ಮೇಜಿನ ಮೇಲಿರಲಿ, ರಾತ್ರಿ ಹಾಸಿಗೆಯಿಂದ ದೂರವಿರಲಿ. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಗಂಟೆಗಟ್ಟಲೆ ಕೂರುವುದೂ ಬೇಡ. ವೃಷಣಗಳಿಗೆ ದೇಹಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಶಾಖ ಬೇಕು. ಬೀಡಿ, ಸಿಗರೇಟನ್ನಂತೂ ಬಿಡಲೇಬೇಕು. ಅದರ ಹಾನಿಯ ಬಗ್ಗೆ ಸಂಶಯವೇ ಇಲ್ಲ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಹಿಡಿಯುತ್ತದೆ. ಹಾಗಾಗಿ ಅಭ್ಯಾಸ ಬದಲಿಸಿದವರು ಮೂರು ತಿಂಗಳಾದರೂ ತಾಳ್ಮೆಯಿಂದ ಕಾಯಬೇಕು.

ಒಂದು ವರ್ಷ ಜೊತೆಯಾಗಿ ಬಾಳಿಯೂ ಗರ್ಭ ನಿಲ್ಲದಿದ್ದರೆ ಇಬ್ಬರೂ ವೈದ್ಯರ ಬಳಿ ಹೋಗಿ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಿ. ವೀರ್ಯ ಪರೀಕ್ಷೆಗೆ ಸೂಜಿ ಬೇಡ, ನೋವಿಲ್ಲ. ಹೆಣ್ಣಿಗೆ ಮಾಡುವ ಎಷ್ಟೋ ಪರೀಕ್ಷೆಗಳಿಗಿಂತ ಅದು ಸುಲಭ, ಅಗ್ಗ.

ಅತ್ತೆಯಂದಿರೇ, ಈ ಮಾತನ್ನು ಮಗನಿಗೆ ನೀವೇ ಹೇಳಿ. ಸೊಸೆ ಹೇಳಿದರೆ ಅದು ದೂರಾಗುತ್ತದೆ, ತಾಯಿ ಹೇಳಿದರೆ ಕಾಳಜಿಯಾಗುತ್ತದೆ.