ಪಟ್ಟಿ ಬೇಡ, ಹೋಲಿಕೆ ಇರಲಿ

ಎಂಟನೇ ತರಗತಿಗೆ ಸಂರಕ್ಷಣೆಯ ಪಾಠ ಮಾಡುವಾಗ ನಾವು ಪ್ರಶಿಕ್ಷಣಾರ್ಥಿಗಳು ಅಳಿವಿನಂಚಿನ ಪ್ರಾಣಿಗಳ ಪಟ್ಟಿ ಬರೆಸಿ ಮುಗಿಸುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಒಂದು ಜೀವಿ ಏಕೆ ಅಳಿಯುತ್ತದೆ ಎಂಬುದು ಮಗುವಿಗೆ ತಿಳಿಯುವುದಿಲ್ಲ. ಪಟ್ಟಿಯ ಬದಲು ಎರಡೇ ಪ್ರಾಣಿಗಳನ್ನು ಹೋಲಿಸಿ ಕಲಿಸಬೇಕೆಂಬುದು ನನ್ನ ಅಭಿಪ್ರಾಯ.

ಮೆಕ್ಸಿಕೊದ ಆಕ್ಸೊಲಾಟಲ್ ಎಂಬ ಸಾಲಮಾಂಡರ್ ಮತ್ತು ನಮ್ಮ ಕೋಲಾರದ ಎಲೆಮೂಗಿನ ಬಾವಲಿಯನ್ನು ತೆಗೆದುಕೊಳ್ಳೋಣ. ಐಯುಸಿಎನ್ ಕೆಂಪುಪಟ್ಟಿಯಲ್ಲಿ ಎರಡೂ ಅತ್ಯಂತ ಗಂಭೀರ ಅಪಾಯದ ವರ್ಗದಲ್ಲಿವೆ. ಸಾಲಮಾಂಡರ್ ಒಮ್ಮೆಗೆ ನೂರಾರು ಮೊಟ್ಟೆ ಇಡುತ್ತದೆ. ಎಲೆಮೂಗಿನ ಬಾವಲಿಗಳು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತವೆ. ಯಾವುದು ಉಳಿದೀತು ಎಂದು ಕೇಳಿದರೆ ಮಕ್ಕಳು ಸಾಲಮಾಂಡರ್ ಎನ್ನುತ್ತಾರೆ.

ಈಗ ಅಂಕಿ ತೋರಿಸಬೇಕು. ಮೆಕ್ಸಿಕೊ ನಗರದ ಸೋಚಿಮಿಲ್ಕೊ ಕಾಲುವೆಗಳಲ್ಲಿ 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6000 ಆಕ್ಸೊಲಾಟಲ್ ಇದ್ದವು; 2014ರಲ್ಲಿ ಸುಮಾರು 36. ಕೊಳಚೆ ನೀರು, ಬೆಳೆದ ನಗರ, ಹೊರಗಿನಿಂದ ತಂದು ಬಿಟ್ಟ ಗೆಂಡೆ ಮತ್ತು ತಿಲಾಪಿಯ ಮೀನು ಇದಕ್ಕೆ ಕಾರಣ. ಪ್ರಯೋಗಾಲಯದ ತೊಟ್ಟಿಗಳಲ್ಲಿ ಇಂದಿಗೂ ಸಾವಿರಾರಿವೆ, ಅದರ ನೀರೇ ಉಳಿದಿಲ್ಲ. ಕೋಲಾರದ ಬಾವಲಿಗೆ ಹನುಮನಹಳ್ಳಿಯ ಒಂದು ಗುಹೆಯೇ ಆಸರೆ. ಅಲ್ಲಿರುವುದು 200ಕ್ಕೂ ಕಡಿಮೆ. ಸುತ್ತಲಿನ ಗ್ರಾನೈಟ್ ಗಣಿಗಾರಿಕೆಯೇ ಅದಕ್ಕೆ ಕಂಟಕ. ಮೊಟ್ಟೆ ನೂರಿರಲಿ, ಮರಿ ಒಂದಿರಲಿ, ನೆಲೆ ಹೋದರೆ ಎರಡೂ ಹೋಗುತ್ತವೆ. ಪಾಠದ ತಿರುಳು ಇದು.

ನಲವತ್ತು ನಿಮಿಷದಲ್ಲಿ ದೂರದ ಮೆಕ್ಸಿಕೊ ಏಕೆ ಎಂದು ಕೇಳಬಹುದು. ಭಾಲ್ಕಿಯ ತರಗತಿಯಲ್ಲಿ ಆಕ್ಸೊಲಾಟಲ್ ಚಿತ್ರ ಕಂಡು ಮಕ್ಕಳು ಖುಷಿಪಟ್ಟರು. ಔರಾದಿನಲ್ಲಿ ಬಾವಲಿಯ ಚಿತ್ರಕ್ಕೆ ಬಂದ ಮಾತು, “ಛೀ, ಅದು ಮನಿಯಾಗ ಬಂದ್ರ ಅಪಶಕುನ ರೀ.” ಒಂದೇ ವರ್ಗದ ಎರಡು ಜೀವಿಗಳಲ್ಲಿ ಒಂದಕ್ಕೆ ಪ್ರೀತಿ, ಇನ್ನೊಂದಕ್ಕೆ ಹೇಸಿಗೆ. ಎರಡನ್ನೂ ಪಕ್ಕದಲ್ಲಿಟ್ಟಾಗ ಮಾತ್ರ ಈ ಭೇದ ಮಗುವಿಗೇ ಕಾಣುತ್ತದೆ. ಕೀಟ ತಿನ್ನುವ ಬಾವಲಿ ರೈತನ ಗೆಳೆಯ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ.

ಗುರುಗಳಲ್ಲಿ ಒಂದು ವಿನಂತಿ. ನಮ್ಮ ಪಾಠಯೋಜನೆಯ ಮೌಲ್ಯಮಾಪನದಲ್ಲಿ “ಐದು ಪ್ರಾಣಿಗಳನ್ನು ಹೆಸರಿಸಿ” ಎಂಬುದರ ಬದಲು “ನಿಮ್ಮೂರಿನಲ್ಲಿ ಬಾವಲಿ ಎಲ್ಲಿ ವಾಸಿಸುತ್ತದೆ? ಆ ಜಾಗ ಹೋದರೆ ಅದು ಎಲ್ಲಿಗೆ ಹೋಗಬೇಕು?” ಎಂಬ ಪ್ರಶ್ನೆ ಇರಲಿ. ಹಳೆಯ ಗುಮ್ಮಟ, ಪಾಳುಬಾವಿ, ಆಲದ ಮರ ಬೀದರ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಉತ್ತರ ಪುಸ್ತಕದಲ್ಲಿ ಸಿಗುವುದಿಲ್ಲ. ಮಕ್ಕಳು ಹೋಗಿ ನೋಡಿಯೇ ಬರೆಯಬೇಕು.