ಹಳೆಯ ಯೆಜ್ಡಿಯೋ ಹೊಸದೋ

ನವಲಿಯಲ್ಲಿ ವ್ಯಾಕರಣ ಕಲಿಸಿದವನಿಗೆ ಮೊನ್ನೆ ವಿಚಿತ್ರ ಪರೀಕ್ಷೆಯೊದಗಿತು. “ಅಜ್ಜಾ, ಹಳೇ ರೋಡ್‌ಕಿಂಗ್ ತೊಗೊಳ್ಲೋ, ಹೊಸಾ ಯೆಜ್ಡಿ ತೊಗೊಳ್ಲೋ?” ಎಂದನು ಮೊಮ್ಮಗ.

ಹೊಸದು 2022ರಲ್ಲಿ ಮರಳಿ ಬಂದುದು. 334 ಸಿಸಿ, ದ್ರವದಿಂದ ತಂಪಾಗುವ ಯಂತ್ರ. ವೇಗವುಂಟು, ಕಂತೂ ಉಂಟು. ತಂಗಿಯ ಕಾಲೇಜು ಶುಲ್ಕವನ್ನು ಅವನೇ ಹೊತ್ತಿರುವನು. ಹಳೆಯದನ್ನು ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಬಿಡಿಭಾಗಗಳನ್ನು ಅರಸಬೇಕು, ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಆದರೂ ರಚನೆ ಸರಳ: ಗೇರು ಬದಲಿಸುವ ಸನ್ನೆಯೇ ಕಿಕ್ಕರೂ ಹೌದು!

ಹಳೆಯದನ್ನೇ ನೋಡೆಂದೆನು. ಆದರೆ ಎಂಜಿನ್, ಚಾಸಿ ಸಂಖ್ಯೆಗಳು ಆರ್‌ಸಿ ಪುಸ್ತಕಕ್ಕೆ ಹೊಂದಬೇಕು; ಹದಿನೈದು ವರ್ಷ ಮೀರಿದ ಗಾಡಿಗೆ ನೋಂದಣಿಯ ನವೀಕರಣವಾಗಿರಬೇಕು. ಬಿಸಿಯಾದ ಎಂಜಿನ್ನು ದೋಷವನ್ನು ಮರೆಮಾಚುವುದು. ಆದ್ದರಿಂದ, ನಾವು ಬರುವವರೆಗೆ ಗಾಡಿಯನ್ನು ಚಾಲೂ ಮಾಡಬೇಡಿರೆಂದು ಗಂಗಾವತಿಯ ಮಾರಾಟಗಾರನಿಗೆ ಹೇಳಿಕಳಿಸಿದ್ದೇವೆ.