ಹೋಬಳಿಯ ಓದುಗನೂ ವಿದ್ಯುನ್ಮಾನ ಗ್ರಂಥವೂ

ಕಾಗದದ ಪುಸ್ತಕವು ಉಳಿಯುವುದೋ ಅಳಿಯುವುದೋ ಎಂಬ ಚರ್ಚೆ ಕೆಲವು ವರ್ಷಗಳಿಂದ ನಮ್ಮ ವಿದ್ವದ್ಗೋಷ್ಠಿಗಳಲ್ಲಿ ಬಹಳ ಆಸ್ಥೆಯಿಂದ ನಡೆಯುತ್ತಿದೆ. ಆದರೆ ಒಂದು ಒಳ್ಳೆಯ ಕಾದಂಬರಿ ಬೇಕೆಂದರೆ ಗುಬ್ಬಿಗೋ ತುಮಕೂರಿಗೋ ಬಸ್ಸು ಹತ್ತಬೇಕಾದ ಹಾಗಲವಾಡಿ ಹೋಬಳಿಯ ಓದುಗನ ಕಡೆಯಿಂದ ವಿಚಾರಮಾಡಿದರೆ, ಗ್ರಂಥವು ಯಾವ ರೂಪದಲ್ಲಿ ಬಂದೀತೆಂಬುದಕ್ಕಿಂತ, ಅದು ತನ್ನ ಊರಿನವರೆಗೆ ಬಂದೀತೆ, ಬಂದುದು ಓದಲು ಯೋಗ್ಯವಾಗಿದ್ದೀತೆ, ಬರೆದವರಿಗೂ ಪ್ರಕಟಿಸಿದವರಿಗೂ ಅದರಿಂದ ನ್ಯಾಯವಾದ ಪ್ರತಿಫಲ ಸಂದೀತೆ ಎಂಬ ಪ್ರಶ್ನೆಗಳೇ ಗುರುತರವಾದುವೆಂದು ತೋರುತ್ತದೆ.

ಗ್ರಂಥವು ದೇಹಾಂತರ ಹೊಂದುವುದು ಈ ಸೀಮೆಗೆ ಅಪರಿಚಿತವಾದ ಸಂಗತಿಯಲ್ಲ. ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ‘ಭಾವಚಿಂತಾರತ್ನ’ವನ್ನೂ 1530ರಲ್ಲಿ ‘ವೀರಶೈವಾಮೃತ ಪುರಾಣ’ವನ್ನೂ ರಚಿಸಿದಾಗ ಗ್ರಂಥವೆಂದರೆ ತಾಳೆಗರಿಯ ಕಟ್ಟು; ಗೂಳೂರು ಸಿದ್ಧವೀರಣ್ಣೊಡೆಯನು ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದುದೂ, ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗ ಯತಿಗಳ ಶಿಷ್ಯಪರಂಪರೆಯು ವಚನಗಳನ್ನು ಸಂಕಲಿಸಿದುದೂ ಆ ಗರಿಗಳ ಮೇಲೆಯೇ. ಆ ವಾಙ್ಮಯವು ಅಚ್ಚಿನ ಯುಗಕ್ಕೆ ತಾನಾಗಿಯೇ ದಾಟಿ ಬರಲಿಲ್ಲ, ವಿಜಯಪುರದ ಫ. ಗು. ಹಳಕಟ್ಟಿಯವರು ಊರೂರು ಅಲೆದು ಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದು, ಅನಂತರ ಸ್ವಂತ ಮನೆಯನ್ನೇ ಮಾರಿ ಮುದ್ರಣಾಲಯವನ್ನು ನಡೆಸಿದುದರಿಂದ ಬಂದಿತು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ತಿರುಗಿ ಓದುಗರನ್ನು ಹುಡುಕಿಕೊಂಡರು. ಮಾಧ್ಯಮವು ಬದಲಾದಾಗಲೆಲ್ಲ ಗ್ರಂಥವನ್ನು ಆಚೆಯ ದಡಕ್ಕೆ ಮುಟ್ಟಿಸಿದುದು ಮನುಷ್ಯರ ಶ್ರದ್ಧೆ. ಒಯ್ಯುವವರಿಲ್ಲದ ಗ್ರಂಥ ಈಚೆಯ ದಡದಲ್ಲಿಯೇ ಉಳಿದು ಜೀರ್ಣವಾಯಿತು.

ಇಂದು ಅದೇ ವಚನವಾಙ್ಮಯವು ಮೂರನೆಯ ದೇಹವನ್ನು ಧರಿಸಿದೆ. ‘ವಚನ ಸಂಚಯ’ವೆಂಬ ಜಾಲತಾಣದಲ್ಲಿ 20,000ಕ್ಕೂ ಮಿಕ್ಕ ವಚನಗಳಿವೆ, ‘ಕಾಯಕ’ ಎಂದು ಬರೆದು ಹುಡುಕಿದೊಡನೆ ಆ ಶಬ್ದವುಳ್ಳ ವಚನಗಳು ವಚನಕಾರರ ಹೆಸರಿನೊಡನೆ ಒಂದರ ಕೆಳಗೊಂದು ಬಂದು ನಿಲ್ಲುತ್ತವೆ. ಪಂಡಿತನೊಬ್ಬನು ಸಂಪುಟಗಳನ್ನು ಮುಂದಿಟ್ಟುಕೊಂಡು ತಿಂಗಳುಗಟ್ಟಲೆ ದುಡಿದು ಸಿದ್ಧಪಡಿಸಬೇಕಾಗಿದ್ದ ಪದಸೂಚಿಯು ಹಳ್ಳಿಯ ಕಾಲೇಜು ವಿದ್ಯಾರ್ಥಿನಿಯ ಅಂಗೈಯಲ್ಲಿ ಕ್ಷಣಮಾತ್ರದಲ್ಲಿ ಲಭ್ಯವಾಗುವುದು ಸಾಮಾನ್ಯವಾದ ಉಪಕಾರವಲ್ಲ. ಆಡಿಯೋ ಪುಸ್ತಕವನ್ನು ಓದಿನ ಸೋಮಾರಿತನವೆಂದು ಹಳಿಯುವವರೂ ಉಂಟು. ಆದರೆ ಗಮಕಿಯ ಕಂಠದಿಂದ ಭಾರತ ರಾಮಾಯಣಗಳನ್ನು ಕೇಳಿ ಬೆಳೆದ ಜನರಿಗೆ, ಅಡಿಕೆ ಸುಲಿಯುತ್ತ ಕುಳಿತು ಕಾದಂಬರಿಯೊಂದನ್ನು ಕಿವಿಯಿಂದ ಗ್ರಹಿಸುವುದು ಪರಂಪರೆಯ ಮುಂದುವರಿಕೆಯೇ ಹೊರತು ಅದರ ಭಂಗವಲ್ಲ.

ಆದರೂ ಈ ದಾಟುವಿಕೆ ಇನ್ನೂ ಅರ್ಧದಾರಿಯಲ್ಲಿದೆ. 1991ರಲ್ಲಿಯೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ನಮ್ಮ ಪುಸ್ತಕಗಳ ಡಿಟಿಪಿ ಕೆಲಸವು ದೀರ್ಘಕಾಲ ಹಳೆಯ ಸಂಕೇತಪದ್ಧತಿಯ ಅಕ್ಷರಗಳಲ್ಲಿಯೇ ನಡೆದುದರಿಂದ, ಆ ಕಡತಗಳನ್ನು ಇ-ಪುಸ್ತಕವಾಗಿ ಮಾರ್ಪಡಿಸುವಾಗ ಒತ್ತಕ್ಷರಗಳು ಸ್ಥಾನತಪ್ಪಿ, ಪ್ರತಿಯೊಂದು ಪುಟವನ್ನೂ ಮತ್ತೆ ತಿದ್ದಬೇಕಾಗುತ್ತದೆ. 2016ರ ಡಿಸೆಂಬರಿನಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳ ಪುಸ್ತಕಗಳಿಗೆ ಬಾಗಿಲು ತೆರೆದಾಗ ಅವುಗಳಲ್ಲಿ ಕನ್ನಡವಿರಲಿಲ್ಲ. 2020ರಲ್ಲಿ ‘ಮೈಲ್ಯಾಂಗ್’ನಂತಹ ನಮ್ಮವರದೇ ಪ್ರಯತ್ನವು ಇ-ಪುಸ್ತಕ, ಆಡಿಯೋ ಪುಸ್ತಕಗಳೊಡನೆ ಮುಂದೆ ಬರಬೇಕಾಯಿತು. ಈ ನಡುವಿನ ಶೂನ್ಯವನ್ನು ತುಂಬಿದುದು ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಸಾಗುವ ಪಿಡಿಎಫ್. ಮುದ್ರಿತ ಪುಟದ ಚಿತ್ರವೇ ಅದಾದುದರಿಂದ, ಸಣ್ಣ ಪರದೆಯಲ್ಲಿ ಅಕ್ಷರಗಳನ್ನು ಹಿಗ್ಗಿಸಿದೊಡನೆ ಸಾಲಿನ ಕೊನೆ ಅಂಚಿನಾಚೆ ಸರಿಯುತ್ತದೆ. ಓದುಗನು ಪ್ರತಿ ಸಾಲಿಗೂ ಪುಟವನ್ನು ಎಡಕ್ಕೂ ಬಲಕ್ಕೂ ಎಳೆದಾಡಿ, ಹತ್ತು ಪುಟ ಮುಗಿಯುವ ಮುನ್ನವೇ ಬೇಸತ್ತು ಕೆಳಗಿಡುತ್ತಾನೆ. ಲೇಖಕರಿಗೂ ಪ್ರಕಾಶಕರಿಗೂ ಅದರಿಂದ ಬಿಡಿಗಾಸೂ ಸಲ್ಲುವುದಿಲ್ಲ. ಗಳಗನಾಥರಂತೆ ಕಾಲವಾಗಿ 60 ವರ್ಷ ಕಳೆದವರ ಕೃತಿಗಳು ಕಾನೂನಿನಂತೆ ಸರ್ವರ ಸ್ವತ್ತಾಗಿರುವುದರಿಂದ ಅವನ್ನು ಮುಕ್ತವಾಗಿ ಹಂಚುವುದು ಪುಣ್ಯಕಾರ್ಯ. ಆದರೆ ಇಂದು ಬರೆದು ಬದುಕಬೇಕಾದವರ ಕೃತಿಯನ್ನು ಹಾಗೆ ಹಂಚುವುದು ಸಾಹಿತ್ಯಪ್ರೇಮವೆನಿಸಲಾರದು.

ಹೀಗಿರುವಲ್ಲಿ ಸರ್ಕಾರದ ಕರ್ತವ್ಯವೇನು? ಗ್ರಂಥಾಲಯ ಇಲಾಖೆಯು ಆಯ್ಕೆಯಾದ ಪುಸ್ತಕದ 300 ಪ್ರತಿಗಳನ್ನು ಕೊಳ್ಳುವ ಸಗಟು ಖರೀದಿಯೇ ಬಹುಕಾಲ ಕನ್ನಡ ಪ್ರಕಾಶನಕ್ಕೆ ಊರುಗೋಲಾಗಿತ್ತು. 2019ರಲ್ಲಿ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಮುಂದೆ ‘ಅರಿವು ಕೇಂದ್ರ’ಗಳೆಂಬ ಹೆಸರು ಪಡೆದು, ಎಷ್ಟೋ ಕಡೆಗಳಲ್ಲಿ ಕಂಪ್ಯೂಟರುಗಳನ್ನೂ ಕಂಡಿವೆ. ಆ ಯಂತ್ರಗಳಿಗೆ ಹೊಸ ಕನ್ನಡ ಪುಸ್ತಕಗಳನ್ನು ಒದಗಿಸುವುದು ಮುಂದಿನ ಹೆಜ್ಜೆಯಾಗತಕ್ಕದ್ದು. ಮುದ್ರಿತ ಪ್ರತಿಗಳ ಖರೀದಿಯನ್ನು ಕುಂದಿಸದೆ, ಅದರ ಜೊತೆಗೇ ಇ-ಪುಸ್ತಕ, ಆಡಿಯೋ ಪುಸ್ತಕಗಳ ಎರವಲು ಹಕ್ಕನ್ನು ಪ್ರಕಾಶಕರಿಂದ ಯೋಗ್ಯವಾದ ಬೆಲೆಗೆ ಕೊಂಡು, ಲೇಖಕರ ಪಾಲನ್ನು ಕರಾರಿನಲ್ಲಿಯೇ ನಿಗದಿಮಾಡಿ, ಪಿಡಿಎಫಿಗೆ ಬದಲಾಗಿ ಪರದೆಯ ಅಳತೆಗೆ ಹೊಂದಿಕೊಳ್ಳುವ ಯೂನಿಕೋಡ್ ಪಠ್ಯವನ್ನೇ ಕಡ್ಡಾಯಗೊಳಿಸಿದರೆ, ಹಾಗಲವಾಡಿಯ ಓದುಗನಿಗೂ ಬೆಂಗಳೂರಿನ ಓದುಗನಿಗೂ ಹೊಸ ಪುಸ್ತಕವು ಒಂದೇ ದಿನ ದೊರೆಯುವುದು ಅಸಾಧ್ಯವಲ್ಲ.

ಇಷ್ಟಾದರೂ ಯಂತ್ರವು ಓದುವ ಅಭ್ಯಾಸವನ್ನು ಹುಟ್ಟಿಸಲಾರದು. ಕಾದಂಬರಿಯನ್ನು ತಂದುಕೊಡುವ ಮೊಬೈಲೇ ನಿಮಿಷಕ್ಕೊಂದು ಸಂದೇಶವನ್ನು ತಂದು ಏಕಾಗ್ರತೆಯನ್ನು ಕದಡುತ್ತದೆ. ಸಾವಧಾನದ ದೀರ್ಘವಾಚನಕ್ಕೆ ಮುದ್ರಿತ ಪುಸ್ತಕದಷ್ಟು ಹಿತವಾದ ಸಂಗಾತಿ ಇನ್ನೊಂದಿಲ್ಲ. ಮಗುವಿಗೆ ಎರಡನ್ನೂ ಪರಿಚಯಿಸಿ, ಇದನ್ನು ಓದು, ಆಮೇಲೆ ಅದನ್ನು ಕೇಳು ಎಂದು ಕೈಹಿಡಿದು ನಡೆಸತಕ್ಕವರು ಅರಿವು ಕೇಂದ್ರದ ಗ್ರಂಥಪಾಲಕರು. ಅವರಿಗೆ ಬದುಕಲು ಸಾಕಾಗುವ ವೇತನವನ್ನೂ ಪುಸ್ತಕಗಳ ವಿಷಯದಲ್ಲಿ ಸತತವಾದ ಶಿಕ್ಷಣವನ್ನೂ ಕೊಡುವುದು ಸರ್ಕಾರದ ಮೊದಲ ವೆಚ್ಚವಾಗಬೇಕು. ಕಂಪ್ಯೂಟರಿನ ವೆಚ್ಚ ಅದರ ಅನಂತರದ್ದು.